ಗೆರೆಗೆ ನಡಿಗೆ ಕಲಿಸುವ ವಿದ್ಯೆ

ಅನಿಮೇಷನ್ ನಿಂತ ಚಿತ್ರಗಳಿಂದ ಚಲನೆಯನ್ನು ಕಟ್ಟುವ ಕಲೆ. ಸಿನಿಮಾದ ಒಂದು ಸೆಕೆಂಡಿನಲ್ಲಿ 24 ಫ್ರೇಮುಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಸಣ್ಣ ವ್ಯತ್ಯಾಸವನ್ನು ಮಿದುಳು ಚಲನೆಯೆಂದು ಓದಿಕೊಳ್ಳುತ್ತದೆ. ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆದರೆ ಅದನ್ನು ‘ಒನ್ಸ್’ ಎಂದೂ, ಒಂದು ಚಿತ್ರವನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸಿದರೆ ‘ಟೂಸ್’ ಎಂದೂ ಸ್ಟುಡಿಯೊಗಳಲ್ಲಿ ಕರೆಯುತ್ತಾರೆ. ಕೈಯಿಂದ ಬರೆಯುವ ಅನಿಮೇಷನ್‌ನ ದೊಡ್ಡ ಪಾಲು ಟೂಸ್ ಲೆಕ್ಕದಲ್ಲಿ ನಡೆಯುತ್ತದೆ. ಹಾಗಿದ್ದೂ ಒಂದು ನಿಮಿಷದ ದೃಶ್ಯಕ್ಕೆ 720 ಚಿತ್ರಗಳು ಬೇಕು. ಅಷ್ಟನ್ನೂ ಬರೆಯುವ ತಾಳ್ಮೆ ಈ ವಿದ್ಯೆಯ ಒಂದು ಭಾಗ ಮಾತ್ರ. ಒಂದು ಚಿತ್ರದಿಂದ ಮುಂದಿನದಕ್ಕೆ ಏನು ಬದಲಾಗಬೇಕು, ಎಷ್ಟು ಬದಲಾಗಬೇಕು, ಯಾಕೆ ಬದಲಾಗಬೇಕು ಎಂದು ತೀರ್ಮಾನಿಸುವುದೇ ಅದರ ತಿರುಳು.

ಕಲಿಕೆಯಲ್ಲಿ ಎರಡು ಭಾಗಗಳಿವೆ. ಪಾತ್ರ ಯಾರು, ನೋಡಲು ಹೇಗಿದೆ ಎಂದು ನಿರ್ಧರಿಸುವುದು ಪಾತ್ರ ವಿನ್ಯಾಸ. ಆ ಪಾತ್ರ ಹೇಗೆ ನಡೆಯುತ್ತದೆ, ಹೇಗೆ ತಿರುಗಿ ನೋಡುತ್ತದೆ, ಹೇಗೆ ಅಳು ನುಂಗಿಕೊಳ್ಳುತ್ತದೆ ಎಂದು ನಿರ್ಧರಿಸುವುದು ಅನಿಮೇಷನ್. ದೊಡ್ಡ ಸ್ಟುಡಿಯೊಗಳಲ್ಲಿ ಇವೆರಡನ್ನೂ ಬೇರೆ ಬೇರೆ ತಂಡಗಳು ಮಾಡುತ್ತವೆ. ವಿದ್ಯಾರ್ಥಿ ಮಾತ್ರ ಎರಡನ್ನೂ ಜೊತೆಯಲ್ಲೇ ಕಲಿಯಬೇಕು. ವಾಲ್ಟ್ ಡಿಸ್ನಿ ಸ್ಟುಡಿಯೊದ 1933ರ ‘ತ್ರೀ ಲಿಟಲ್ ಪಿಗ್ಸ್’ ಕಿರುಚಿತ್ರ ಇದಕ್ಕೆ ಒಳ್ಳೆಯ ಪಾಠ. ಅಲ್ಲಿನ ಮೂರು ಹಂದಿಗಳ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಆದರೆ ಇಬ್ಬರು ಕುಣಿಯುತ್ತ ಕಾಲ ಕಳೆಯುವ ಉಡಾಳರು, ಒಬ್ಬ ಇಟ್ಟಿಗೆ ಜೋಡಿಸುವ ಶ್ರಮಜೀವಿ ಎಂಬುದು ಅವರ ಚಲನೆಯಿಂದಲೇ ತಿಳಿಯುತ್ತದೆ. ರೂಪ ಪಾತ್ರವನ್ನು ಪರಿಚಯಿಸುತ್ತದೆ. ಚಲನೆ ಅದರ ಸ್ವಭಾವವನ್ನು ಬಿಚ್ಚಿಡುತ್ತದೆ.

ಪಾಠ ರೂಪುಗೊಂಡ ಬಗೆ

ಇಂದು ಅನಿಮೇಷನ್ ಶಾಲೆಗಳಲ್ಲಿ ಕಲಿಸುವ ಪಾಠಕ್ರಮದ ಬೇರು 1930ರ ದಶಕದಲ್ಲಿದೆ. ತನ್ನ ಚಿತ್ರಕಾರರ ಕೈ ಇನ್ನೂ ಪಳಗಬೇಕೆಂದು ಮನಗಂಡ ಡಿಸ್ನಿ ಸ್ಟುಡಿಯೊ 1932ರಲ್ಲಿ ಲಾಸ್ ಏಂಜಲೀಸ್‌ನ ಶುನಾರ್ಡ್ ಕಲಾಶಾಲೆಯ ಶಿಕ್ಷಕ ಡಾನ್ ಗ್ರಹಾಂ ಅವರನ್ನು ಕರೆಸಿ ತರಗತಿಗಳನ್ನು ಆರಂಭಿಸಿತು. ಕೆಲಸದಲ್ಲಿದ್ದ ಚಿತ್ರಕಾರರೇ ಅಲ್ಲಿ ವಿದ್ಯಾರ್ಥಿಗಳಾದರು. ಜೀವಂತ ಮಾದರಿಯನ್ನು ಎದುರಿಗಿಟ್ಟುಕೊಂಡು ಬರೆಯುವುದು, ಚಿತ್ರೀಕರಿಸಿದ ಚಲನೆಯನ್ನು ಒಂದೊಂದೇ ಫ್ರೇಮಾಗಿ ನಿಲ್ಲಿಸಿ ಪರೀಕ್ಷಿಸುವುದು ದಿನಚರಿಯಾಯಿತು. 1942ರ ‘ಬ್ಯಾಂಬಿ’ ಚಿತ್ರದ ತಯಾರಿಯಲ್ಲಿ ಸ್ಟುಡಿಯೊಗೆ ಜಿಂಕೆಮರಿಗಳನ್ನೇ ತರಿಸಿ ಅವುಗಳ ಕೀಲು, ಕುತ್ತಿಗೆ, ನೆಗೆತಗಳನ್ನು ಅಭ್ಯಾಸ ಮಾಡಿದರು. ಆ ಕಾಲದ ಇಬ್ಬರು ಹಿರಿಯ ಅನಿಮೇಟರ್‌ಗಳಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ತಮ್ಮ ಅನುಭವವನ್ನೆಲ್ಲ 1981ರಲ್ಲಿ ‘ದಿ ಇಲ್ಯೂಷನ್ ಆಫ್ ಲೈಫ್’ ಪುಸ್ತಕದಲ್ಲಿ ಒಟ್ಟುಗೂಡಿಸಿ, ಅನಿಮೇಷನ್‌ಗೆ 12 ಮೂಲತತ್ವಗಳನ್ನು ಪಟ್ಟಿ ಮಾಡಿದರು.

ಅದೇ ಪಾಠ ಭಾರತಕ್ಕೆ ಬಂದದ್ದು ಮುಂಬಯಿಯ ಫಿಲ್ಮ್ಸ್ ಡಿವಿಜನ್ ಮೂಲಕ. ಡಿಸ್ನಿಯಲ್ಲಿ ‘ಬ್ಯಾಂಬಿ’ಗೂ ದುಡಿದಿದ್ದ, ಭಾರತದಲ್ಲೇ ಹುಟ್ಟಿದ ಕ್ಲೇರ್ ವೀಕ್ಸ್ 1956ರಲ್ಲಿ ಅಲ್ಲಿನ ಕಾರ್ಟೂನ್ ಘಟಕದ ಯುವಕರಿಗೆ ತರಬೇತಿ ಕೊಟ್ಟರು. ಅದರ ಫಲವಾಗಿ 1957ರಲ್ಲಿ ಜಾತಕ ಕಥೆಯನ್ನು ಆಧರಿಸಿದ ‘ದಿ ಬ್ಯಾನಿಯನ್ ಡೀರ್’ ಸಿದ್ಧವಾಯಿತು. ಆ ತಂಡದಲ್ಲಿ ಪಳಗಿದ ರಾಮ್ ಮೋಹನ್ ಮುಂದೆ ಭಾರತೀಯ ಅನಿಮೇಷನ್‌ನ ಪಿತಾಮಹ ಎನಿಸಿಕೊಂಡರು. 2014ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಕಂಪ್ಯೂಟರ್ ಬಂದ ಮೇಲೂ ಈ ತತ್ವಗಳು ಹಳತಾಗಲಿಲ್ಲ. ಪಿಕ್ಸಾರ್‌ನ ಜಾನ್ ಲ್ಯಾಸೆಟರ್ 1986ರಲ್ಲಿ ಮಾಡಿದ ‘ಲಕ್ಸೊ ಜೂನಿಯರ್’ ಕಿರುಚಿತ್ರದಲ್ಲಿ ಇರುವುದು ಎರಡು ಟೇಬಲ್ ಲ್ಯಾಂಪು, ಒಂದು ಚೆಂಡು ಅಷ್ಟೇ. ಕಣ್ಣು, ಬಾಯಿ, ಮಾತು ಯಾವುದೂ ಇಲ್ಲ. ಆದರೂ ಸಣ್ಣ ಲ್ಯಾಂಪಿನ ನೆಗೆತದಲ್ಲಿ ಮಗುವಿನ ಉತ್ಸಾಹ, ದೊಡ್ಡದರ ಬಾಗಿನಲ್ಲಿ ಹಿರಿಯರ ಕಳವಳ ನಿಚ್ಚಳವಾಗಿ ಕಾಣುತ್ತದೆ. ಮರುವರ್ಷ ಲ್ಯಾಸೆಟರ್ ಕೈಯಿಂದ ಬರೆಯುವ ಅನಿಮೇಷನ್‌ನ ತತ್ವಗಳು ಕಂಪ್ಯೂಟರಿಗೂ ಹೇಗೆ ಅನ್ವಯಿಸುತ್ತವೆ ಎಂದು ಪ್ರಬಂಧವನ್ನೇ ಮಂಡಿಸಿದರು. ಸಾಫ್ಟ್‌ವೇರ್ ಕಲಿತರೆ ಅನಿಮೇಷನ್ ಕಲಿತಂತೆ ಎಂಬ ನಂಬಿಕೆ ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೊದಲು ಕಣ್ಣು, ಆಮೇಲೆ ಕೈ

ಆದ್ದರಿಂದ ವಿದ್ಯಾರ್ಥಿಯ ಮೊದಲ ಸಲಕರಣೆ ಒಂದು ಸ್ಕೆಚ್ ಪುಸ್ತಕ. ಬಸ್ ನಿಲ್ದಾಣ, ಸಂತೆ, ಕಬಡ್ಡಿ ಅಂಗಳ, ಹಟ್ಟಿ ಇವೆಲ್ಲ ಅದರ ಪಾಠಶಾಲೆಗಳು. ಇಲ್ಲಿ ಮಾಡಬೇಕಾದ ಅಭ್ಯಾಸಕ್ಕೆ ಜೆಸ್ಚರ್ ಡ್ರಾಯಿಂಗ್ ಎಂದು ಹೆಸರು. ಮೂವತ್ತು ಸೆಕೆಂಡಿನಿಂದ ಎರಡು ನಿಮಿಷದೊಳಗೆ ಒಂದು ಭಂಗಿಯನ್ನು ಹಿಡಿಯಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಅಂಗಿಯ ಗುಂಡಿ, ಕೂದಲ ಎಳೆ ಬರೆಯಲಾಗದು; ಉಳಿಯುವುದು ದೇಹದ ಒಟ್ಟು ಬಾಗು ಮಾತ್ರ. ತಲೆಯಿಂದ ಹಿಮ್ಮಡಿಯವರೆಗೆ ಹರಿಯುವ ಆ ಒಂದು ಗೆರೆಯನ್ನು ಲೈನ್ ಆಫ್ ಆ್ಯಕ್ಷನ್ ಎನ್ನುತ್ತಾರೆ. ಕೊಡ ಹೊತ್ತವರ ಸೊಂಟ ಯಾವ ಕಡೆಗೆ ಸರಿಯುತ್ತದೆ, ದಣಿದವನ ಭುಜ ಎಷ್ಟು ಇಳಿಯುತ್ತದೆ, ಎದ್ದು ನಿಲ್ಲುವ ಮುನ್ನ ಮುದುಕರ ಕೈ ಯಾವುದಕ್ಕೆ ಊರುತ್ತದೆ ಎಂದು ಗಮನಿಸಿದ ಕಣ್ಣಿಗೆ ತೂಕ ಅರ್ಥವಾಗುತ್ತದೆ. ತೂಕ ಅರ್ಥವಾಗದವರ ಪಾತ್ರಗಳು ನೆಲದ ಮೇಲೆ ನಿಲ್ಲದೆ ತೇಲುತ್ತವೆ.

ಬರಿಗಣ್ಣಿಗೆ ನಿಲುಕದ ವೇಗವನ್ನು ಅರಿಯಲು ಛಾಯಾಚಿತ್ರಗಳ ನೆರವು ಬೇಕು. ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಕ್ಯಾಮೆರಾಗಳನ್ನು ಸಾಲಾಗಿ ಜೋಡಿಸಿ ಓಡುವ ಕುದುರೆಯ ಚಿತ್ರಗಳನ್ನು ತೆಗೆದಾಗ, ಓಟದ ಒಂದು ಗಳಿಗೆಯಲ್ಲಿ ನಾಲ್ಕೂ ಗೊರಸುಗಳು ನೆಲ ಬಿಟ್ಟಿರುತ್ತವೆ ಎಂಬುದು ಸ್ಪಷ್ಟವಾಯಿತು. ಆ ಗಳಿಗೆಯಲ್ಲಿ ಕಾಲುಗಳು ಚಾಚಿಕೊಂಡಿರದೆ ಹೊಟ್ಟೆಯಡಿ ಸೇರಿಕೊಂಡಿದ್ದವು. ಅದುವರೆಗಿನ ಎಷ್ಟೋ ವರ್ಣಚಿತ್ರಗಳು ಇದಕ್ಕೆ ವಿರುದ್ಧವಾದುದನ್ನೇ ತೋರಿಸಿದ್ದವು. 1887ರಲ್ಲಿ ಪ್ರಕಟವಾದ ಅವರ ‘ಅನಿಮಲ್ ಲೋಕೊಮೋಷನ್’ ಸಂಪುಟದ 781 ಫಲಕಗಳು ಇಂದಿಗೂ ಅನಿಮೇಟರ್‌ಗಳ ಆಕರ. ಈಗ ಮೊಬೈಲಿನ ಸ್ಲೋ ಮೋಷನ್ ಸೌಲಭ್ಯ ಅದೇ ಕೆಲಸವನ್ನು ಪ್ರತಿ ವಿದ್ಯಾರ್ಥಿಯ ಕೈಗೆ ತಂದಿದೆ.

ಪಾತ್ರ ಹುಟ್ಟುವ ಕ್ರಮ

ಪಾತ್ರ ವಿನ್ಯಾಸ ಪೆನ್ಸಿಲ್ಲಿನಿಂದಲ್ಲದೆ ಪ್ರಶ್ನೆಗಳಿಂದ ಶುರುವಾಗುತ್ತದೆ. ಈ ಪಾತ್ರಕ್ಕೆ ಏನು ಬೇಕು? ಯಾವುದಕ್ಕೆ ಹೆದರುತ್ತದೆ? ಅದರ ವಯಸ್ಸೆಷ್ಟು, ಕಸುಬೇನು, ಬೆಳಗ್ಗೆ ಎದ್ದ ಕೂಡಲೇ ಏನು ಮಾಡುತ್ತದೆ? 1930ರ ದಶಕದಲ್ಲಿ ಡಿಸ್ನಿಯ ಅನಿಮೇಟರ್ ಆರ್ಟ್ ಬ್ಯಾಬಿಟ್ ಗೂಫಿ ಎಂಬ ಕಾರ್ಟೂನ್ ಪಾತ್ರದ ಬಗ್ಗೆ ಒಂದು ಟಿಪ್ಪಣಿ ಬರೆದರು. ಗೂಫಿ ಹೇಗೆ ಯೋಚಿಸುತ್ತಾನೆ, ಯೋಚನೆ ಅವನ ನಿಲುವಿನಲ್ಲಿ, ಕೈಕಾಲುಗಳಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂದು ವಿವರಿಸಿದ ಆ ಬರಹ ಅನಿಮೇಷನ್ ತರಗತಿಗಳಲ್ಲಿ ಈಗಲೂ ಓದಿಗೆ ಬರುತ್ತದೆ. ಇಂಥ ಒಂದು ಪುಟದ ಟಿಪ್ಪಣಿ ಕೈಯಲ್ಲಿದ್ದರೆ ಮುಂದಿನ ಪ್ರತಿ ಗೆರೆಗೂ ಕಾರಣ ಸಿಗುತ್ತದೆ.

ಮುಂದಿನ ಹಂತ ಮೂಲ ಆಕಾರಗಳದು. ವೃತ್ತ ಮೃದುತನವನ್ನೂ ಸ್ನೇಹವನ್ನೂ ಸೂಚಿಸುತ್ತದೆ. ಚೌಕ ಸ್ಥಿರತೆ, ಹಟ, ಭಾರವನ್ನು. ತ್ರಿಕೋನ ಚುರುಕು, ಅಪಾಯವನ್ನು. ಇವು ಕಟ್ಟುನಿಟ್ಟಿನ ನಿಯಮಗಳಲ್ಲದಿದ್ದರೂ ಆರಂಭಕ್ಕೆ ಭದ್ರವಾದ ನೆಲೆ. 1928ರ ಮಿಕ್ಕಿ ಮೌಸ್ ಬಹುಮಟ್ಟಿಗೆ ವೃತ್ತಗಳಿಂದಲೇ ಆದ ಪಾತ್ರ. 2009ರ ‘ಅಪ್’ ಚಿತ್ರದ ಮುದುಕ ಕಾರ್ಲ್‌ನ ತಲೆ, ಕನ್ನಡಕ, ಬೆರಳು ಎಲ್ಲವೂ ಚೌಕ. ಬದಲಾಗಲೊಲ್ಲದ ಮನಸ್ಸನ್ನು ಆ ಆಕಾರವೇ ಹೇಳುತ್ತದೆ. ಅವನ ಜೊತೆಗಾರ ಹುಡುಗ ರಸೆಲ್ ಮೊಟ್ಟೆಯಾಕಾರದವನು. ಇಬ್ಬರೂ ಪಕ್ಕಪಕ್ಕ ನಿಂತರೆ ಕಥೆಯ ಸಂಘರ್ಷ ಅರ್ಧ ತಿಳಿದುಹೋಗುತ್ತದೆ.

ಮೂರನೆಯದು ನೆರಳಾಕೃತಿಯ ಪರೀಕ್ಷೆ. ಪಾತ್ರವನ್ನು ಪೂರ್ತಿ ಕಪ್ಪು ಬಳಿದಾಗಲೂ ಅದು ಯಾರೆಂದು ಗುರುತು ಸಿಗಬೇಕು. ಈ ಪಾಠಕ್ಕೆ ಕರಾವಳಿ, ಮಲೆನಾಡಿನ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಪುಂಡುವೇಷ, ಕಿರೀಟವೇಷ, ಬಣ್ಣದ ವೇಷ, ಸ್ತ್ರೀವೇಷಗಳ ಅಂಚುರೇಖೆಗಳೇ ಬೇರೆ ಬೇರೆ. ಬಣ್ಣದ ವೇಷದ ಅಗಲ ಕಿರೀಟ, ಹಿಗ್ಗಿದ ಮೈ ಕಂಡೊಡನೆ ರಾಕ್ಷಸಪಾತ್ರವೆಂದು ಕೊನೆಯ ಸಾಲಿನ ಪ್ರೇಕ್ಷಕನಿಗೂ ತಿಳಿಯುತ್ತದೆ. ಅಭಿಮನ್ಯುವಿನಂಥ ಪುಂಡುವೇಷ ಹಗುರಾಗಿ, ಚುರುಕಾಗಿ ನೆಗೆಯಲು ಒದಗುವಂತೆಯೇ ರೂಪುಗೊಂಡಿದೆ. ವೇಷ ಮತ್ತು ಹೆಜ್ಜೆ ಒಂದಕ್ಕೊಂದು ಹೊಂದಿಕೊಂಡಿರಬೇಕೆಂಬ ತಿಳಿವಳಿಕೆ ಅಲ್ಲಿ ತಲೆಮಾರುಗಳಿಂದ ಬೆಳೆದು ಬಂದಿದೆ.

ಒಂದೇ ವಿವರದಿಂದ ಪಾತ್ರ ನೆನಪಿನಲ್ಲಿ ಉಳಿಯುವುದೂ ಉಂಟು. 1937ರ ‘ಸ್ನೋ ವೈಟ್’ನ ಏಳು ಕುಳ್ಳರಲ್ಲಿ ಗಡ್ಡವಿಲ್ಲದವನು ಡೋಪಿ ಒಬ್ಬನೇ, ಅವನ ಮುಗ್ಧತೆಗೆ ಅಷ್ಟು ಸಾಕಾಯಿತು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣ್ 1954ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗಾಗಿ ಬರೆದ ‘ಗಟ್ಟು’ ಇನ್ನೊಂದು ನಿದರ್ಶನ. ಹಣೆಯ ಮೇಲೆ ಇಳಿಬಿದ್ದ ಕೂದಲು, ಕೈಯಲ್ಲಿ ಬಣ್ಣದ ಡಬ್ಬಿ ಮತ್ತು ಬ್ರಷ್ಷು. ತುಂಟ ಹುಡುಗನೊಬ್ಬ ಈಗಷ್ಟೇ ಏನೋ ಕಿತಾಪತಿ ಮಾಡಿ ಬಂದಿದ್ದಾನೆ ಎನ್ನಿಸಲು ಲಕ್ಷ್ಮಣ್‌ಗೆ ಹೆಚ್ಚು ಗೆರೆಗಳು ಬೇಕಾಗಲಿಲ್ಲ. ಕಡಿಮೆ ಗೆರೆಯ ಈ ಸಂಯಮ ಅನಿಮೇಷನ್‌ನಲ್ಲಿ ಅನಿವಾರ್ಯ ಕೂಡ. ಅಂಗಿಯ ಮೇಲಿನ ಒಂದು ಪಟ್ಟಿ ಹೆಚ್ಚಾದರೆ, ಟೂಸ್ ಲೆಕ್ಕದಲ್ಲಿ ಒಂದು ನಿಮಿಷಕ್ಕೆ ಅದನ್ನು 720 ಸಲ ಬರೆಯಬೇಕಾಗುತ್ತದೆ.

ಪಾತ್ರ ನಿಶ್ಚಿತವಾದ ಮೇಲೆ ಮಾಡೆಲ್ ಶೀಟ್ ಸಿದ್ಧವಾಗುತ್ತದೆ. ಎದುರು, ಮುಕ್ಕಾಲು, ಪಕ್ಕ, ಹಿಂಬದಿ ಹೀಗೆ ಪಾತ್ರವನ್ನು ಸುತ್ತಲೂ ತಿರುಗಿಸಿ ತೋರಿಸುವ ಟರ್ನ್‌ಅರೌಂಡ್, ಸಿಟ್ಟು, ನಾಚಿಕೆ, ಅಚ್ಚರಿಗಳ ಮುಖಭಾವದ ಹಾಳೆ, ಕೈಗಳ ಹಾಳೆ, ಬಣ್ಣಗಳ ಪಟ್ಟಿ ಇವೆಲ್ಲ ಅದರಲ್ಲಿ ಸೇರುತ್ತವೆ. ಎತ್ತರವನ್ನು ತಲೆಗಳ ಲೆಕ್ಕದಲ್ಲಿ ಅಳೆಯುವುದು ವಾಡಿಕೆ. ನಿಜ ಜೀವನದಲ್ಲಿ ಬೆಳೆದ ವ್ಯಕ್ತಿಯ ಎತ್ತರ ಸುಮಾರು ಏಳೂವರೆ ತಲೆಯಷ್ಟು. ಕಾರ್ಟೂನ್ ಮಗುವಿಗೆ ಮೂರು ತಲೆಯ ಎತ್ತರ ಸಾಕು. ಹತ್ತು ಜನ ಬರೆದರೂ ಪಾತ್ರ ಒಂದೇ ಆಗಿ ಕಾಣಬೇಕಾದರೆ ಈ ಹಾಳೆ ಬೇಕೇ ಬೇಕು.

ಚೆಂಡಿನಿಂದ ಆರಂಭ

ಚಲನೆಯ ಮೊದಲ ಅಭ್ಯಾಸ ಪುಟಿಯುವ ಚೆಂಡು. ಎಷ್ಟೋ ವಿದ್ಯಾರ್ಥಿಗಳು ಇದನ್ನು ಸಣ್ಣದೆಂದು ಭಾವಿಸಿ ಒಮ್ಮೆಲೇ ಕತ್ತಿವರಸೆಗೆ ಕೈಹಾಕುತ್ತಾರೆ. ಆದರೆ ಅನಿಮೇಷನ್‌ನ ಅರ್ಧ ವ್ಯಾಕರಣ ಈ ಚೆಂಡಿನಲ್ಲೇ ಅಡಗಿದೆ. ಇಲ್ಲಿ ಕಲಿಯಬೇಕಾದವು ಎರಡು: ಟೈಮಿಂಗ್ ಮತ್ತು ಸ್ಪೇಸಿಂಗ್. ಒಂದು ಕ್ರಿಯೆಗೆ ಎಷ್ಟು ಫ್ರೇಮು ಹಿಡಿಯುತ್ತದೆ ಎಂಬುದು ಟೈಮಿಂಗ್. ಆ ಫ್ರೇಮುಗಳಲ್ಲಿ ಚಿತ್ರಗಳ ನಡುವಿನ ಅಂತರ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಸ್ಪೇಸಿಂಗ್.

ಭೌತವಿಜ್ಞಾನ ಇಲ್ಲಿ ನೇರವಾಗಿ ನೆರವಿಗೆ ಬರುತ್ತದೆ. ಕೈಯಿಂದ ಬಿಟ್ಟ ಚೆಂಡು ಅರ್ಧ ಸೆಕೆಂಡಿನಲ್ಲಿ ಸುಮಾರು 1.2 ಮೀಟರ್ ಬೀಳುತ್ತದೆ. ಅರ್ಧ ಸೆಕೆಂಡು ಎಂದರೆ 12 ಫ್ರೇಮು, ಟೂಸ್ ಲೆಕ್ಕದಲ್ಲಿ ಆರು ಅಂತರಗಳು. ಗೆಲಿಲಿಯೊ ಕಂಡುಕೊಂಡ ನಿಯಮದಂತೆ ಸಮಾನ ಕಾಲಾವಧಿಗಳಲ್ಲಿ ಬೀಳುವ ದೂರ 1, 3, 5, 7, 9, 11 ಎಂಬ ಬೆಸ ಸಂಖ್ಯೆಗಳ ಪ್ರಮಾಣದಲ್ಲಿ ಹಿಗ್ಗುತ್ತದೆ. ಅಂದರೆ ಮೊದಲ ಅಂತರ 3.4 ಸೆಂಟಿಮೀಟರ್ ಆದರೆ ಕೊನೆಯದು 37 ಸೆಂಟಿಮೀಟರಿಗೂ ಹೆಚ್ಚು. ಮೇಲೆ ಚಿತ್ರಗಳು ಒತ್ತಾಗಿ, ನೆಲದ ಬಳಿ ಬಿಡಿಬಿಡಿಯಾಗಿ ಇದ್ದರೆ ಚೆಂಡು ಬೀಳುತ್ತದೆ. ಎಲ್ಲ ಅಂತರಗಳನ್ನೂ ಸಮನಾಗಿಟ್ಟರೆ ಅದು ಹಗ್ಗಕ್ಕೆ ಕಟ್ಟಿ ಇಳಿಸಿದಂತೆ ಕಾಣುತ್ತದೆ.

ನೆಲಕ್ಕೆ ತಾಗಿದಾಗ ಚೆಂಡು ಅಗಲವಾಗಿ ಅಪ್ಪಚ್ಚಿಯಾಗುತ್ತದೆ, ಮೇಲೇಳುವಾಗ ಉದ್ದವಾಗುತ್ತದೆ. ಇದೇ ಹನ್ನೆರಡು ತತ್ವಗಳಲ್ಲಿ ಮೊದಲನೆಯದಾದ ಸ್ಕ್ವಾಷ್ ಮತ್ತು ಸ್ಟ್ರೆಚ್. ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಆಕಾರ ಎಷ್ಟು ಬದಲಾದರೂ ಗಾತ್ರ ಬದಲಾಗಬಾರದು. ಎತ್ತರ ಕುಗ್ಗಿದಷ್ಟೂ ಅಗಲ ಹಿಗ್ಗಬೇಕು. ಇಲ್ಲದಿದ್ದರೆ ಚೆಂಡು ಸಣ್ಣದಾಯಿತೆಂದು ಕಣ್ಣಿಗೆ ಅನ್ನಿಸುತ್ತದೆ. ರಬ್ಬರ್ ಚೆಂಡು, ಟೇಬಲ್ ಟೆನಿಸ್ ಚೆಂಡು, ಕಬ್ಬಿಣದ ಗುಂಡು ಈ ಮೂರನ್ನೂ ಒಂದೇ ಅಳತೆಯ ವೃತ್ತದಿಂದ ಮಾಡಿ, ಟೈಮಿಂಗ್‌ನಿಂದಲೇ ಬೇರೆ ಬೇರೆಯಾಗಿ ಕಾಣಿಸಬಲ್ಲ ವಿದ್ಯಾರ್ಥಿ ಮೊದಲ ಮೆಟ್ಟಿಲು ಹತ್ತಿದಂತೆ.

ಎರಡನೆಯ ಅಭ್ಯಾಸ ಲೋಲಕ. ಅದರ ತುದಿ ಕಮಾನಿನಂಥ ದಾರಿಯಲ್ಲಿ ಸಾಗುತ್ತದೆ, ಎರಡೂ ಕೊನೆಗಳಲ್ಲಿ ನಿಧಾನವಾಗುತ್ತದೆ. ಲೋಲಕಕ್ಕೆ ಒಂದು ಬಾಲ ಕಟ್ಟಿದರೆ, ಲೋಲಕ ನಿಂತ ಮೇಲೂ ಬಾಲ ತುಸು ಹೊತ್ತು ಓಲಾಡುತ್ತದೆ. ಜಡೆ, ಸೆರಗು, ನಾಯಿಯ ಕಿವಿ ಚಲಿಸುವುದು ಇದೇ ರೀತಿ. ಮೂರನೆಯದು ಹಿಟ್ಟಿನ ಚೀಲ. ಅರ್ಧ ತುಂಬಿದ ಚೀಲದ ನಾಲ್ಕು ಮೂಲೆಗಳನ್ನೇ ಕೈಕಾಲುಗಳೆಂದು ಬಗೆದು ಅದನ್ನು ಹಿಗ್ಗಿಸಬೇಕು, ನಾಚಿಸಬೇಕು, ಹೆದರಿಸಬೇಕು. ಮುಖದ ಆಸರೆ ಇಲ್ಲದೆ ಭಾವ ತರುವುದನ್ನು ಕಲಿಸುವ ಈ ಅಭ್ಯಾಸವನ್ನು ಸ್ಟುಡಿಯೊಗಳು ದಶಕಗಳಿಂದ ನಡೆಸಿಕೊಂಡು ಬಂದಿವೆ.

ನಡಿಗೆ, ಮಾತು, ಯೋಚನೆ

ನಡಿಗೆಯಲ್ಲಿ ದೇಹ ಮುಂದಕ್ಕೆ ಬೀಳುತ್ತದೆ, ಪ್ರತಿ ಹೆಜ್ಜೆಯೂ ಆ ಬೀಳುವಿಕೆಯನ್ನು ತಡೆಯುತ್ತದೆ. ಸಾಮಾನ್ಯ ನಡಿಗೆಯಲ್ಲಿ ಒಂದು ಹೆಜ್ಜೆಗೆ 12 ಫ್ರೇಮು, ಸೆಕೆಂಡಿಗೆ ಎರಡು ಹೆಜ್ಜೆ. ಅದರಲ್ಲಿ ನಾಲ್ಕು ಮುಖ್ಯ ಭಂಗಿಗಳಿವೆ. ಹಿಮ್ಮಡಿ ನೆಲ ಮುಟ್ಟುವ ಕಾಂಟ್ಯಾಕ್ಟ್ ಒಂದನೇ ಫ್ರೇಮಿನಲ್ಲಿ. ಮೈಭಾರ ಕಾಲಿನ ಮೇಲೆ ಬಿದ್ದು ಮಂಡಿ ಬಾಗುವ ಡೌನ್ ನಾಲ್ಕರಲ್ಲಿ. ಒಂದು ಕಾಲು ಇನ್ನೊಂದನ್ನು ದಾಟುವ ಪಾಸಿಂಗ್ ಏಳರಲ್ಲಿ. ದೇಹ ಅತಿ ಎತ್ತರಕ್ಕೇರುವ ಅಪ್ ಹತ್ತರಲ್ಲಿ. ಹದಿಮೂರನೆಯ ಫ್ರೇಮಿಗೆ ಮತ್ತೊಂದು ಕಾಲಿನ ಕಾಂಟ್ಯಾಕ್ಟ್. ರಿಚರ್ಡ್ ವಿಲಿಯಮ್ಸ್ 2001ರಲ್ಲಿ ಪ್ರಕಟಿಸಿದ ‘ದಿ ಅನಿಮೇಟರ್ಸ್ ಸರ್ವೈವಲ್ ಕಿಟ್’ ಪುಸ್ತಕದ ದೊಡ್ಡ ಭಾಗ ನಡಿಗೆಗೇ ಮೀಸಲು. ಪಾಸಿಂಗ್ ಭಂಗಿಯಲ್ಲಿ ದೇಹವನ್ನು ತುಸು ತಗ್ಗಿಸಿದರೆ ಸಾಕು, ಹುರುಪಿನ ನಡಿಗೆ ಸುಸ್ತಿನ ನಡಿಗೆಯಾಗುತ್ತದೆ ಎಂಬಂಥ ಸೂಕ್ಷ್ಮಗಳು ಅಲ್ಲಿವೆ.

ಕೆಲಸ ಮಾಡುವ ವಿಧಾನದಲ್ಲೂ ಎರಡು ಬಗೆ. ಮೊದಲ ಚಿತ್ರದಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಬರೆಯುತ್ತ ಹೋಗುವುದು ಸ್ಟ್ರೇಟ್ ಅಹೆಡ್. ಬೆಂಕಿ, ನೀರು, ಗಾಳಿಗೆ ಅದು ಒಗ್ಗುತ್ತದೆ. ಮುಖ್ಯ ಭಂಗಿಗಳಾದ ಕೀ ಪೋಸ್‌ಗಳನ್ನು ಮೊದಲು ಬರೆದು, ನಡುವಿನ ದಾರಿಯನ್ನು ನಿರ್ಧರಿಸುವ ಬ್ರೇಕ್‌ಡೌನ್ ಸೇರಿಸಿ, ಉಳಿದ ಇನ್‌ಬಿಟ್ವೀನ್‌ಗಳನ್ನು ತುಂಬುವುದು ಪೋಸ್ ಟು ಪೋಸ್. ಅಭಿನಯದ ದೃಶ್ಯಗಳಿಗೆ ಎರಡನೆಯದೇ ಸೂಕ್ತ. ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ, ತಿದ್ದುವುದೂ ಸುಲಭ.

ಮಾತಿನ ದೃಶ್ಯದಲ್ಲಿ ಕನ್ನಡದ ವಿದ್ಯಾರ್ಥಿಗೆ ವರ್ಣಮಾಲೆಯೇ ಕೈಪಿಡಿ. ಉಚ್ಚಾರಣೆಯ ಸ್ಥಾನಕ್ಕೆ ತಕ್ಕಂತೆ ಜೋಡಿಸಿದ ವರ್ಗಗಳು ತುಟಿಯ ಆಕಾರವನ್ನೂ ಹೇಳಿಬಿಡುತ್ತವೆ. ‘ಪ’ ವರ್ಗದ ಐದೂ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು, ಆದ್ದರಿಂದ ಐದಕ್ಕೂ ಒಂದೇ ಚಿತ್ರ ಸಾಕು. ‘ಕ’ ವರ್ಗ ಗಂಟಲ ಬಳಿ ಹುಟ್ಟುವುದರಿಂದ ತುಟಿಯಲ್ಲಿ ಅದರ ಗುರುತು ಕಡಿಮೆ. ‘ಆ’ಕಾರಕ್ಕೆ ಬಾಯಿ ತೆರೆಯುತ್ತದೆ, ‘ಉ’, ‘ಓ’ಗಳಿಗೆ ತುಟಿ ದುಂಡಗಾಗುತ್ತದೆ, ‘ಈ’ಕಾರಕ್ಕೆ ಅಗಲವಾಗುತ್ತದೆ. ಹೀಗೆ ಎಂಟು ಹತ್ತು ಬಾಯಿಯ ಚಿತ್ರಗಳಲ್ಲಿ ಇಡೀ ಸಂಭಾಷಣೆಯನ್ನು ನಿಭಾಯಿಸಬಹುದು. ಮುಚ್ಚಿದ ತುಟಿಯ ಚಿತ್ರವೊಂದನ್ನು ಮಾತ್ರ ಎಂದೂ ಬಿಡಬಾರದು; ಅದು ತಪ್ಪಿದರೆ ಮಾತಿಗೂ ಬಾಯಿಗೂ ಹೊಂದಿಕೆಯಿಲ್ಲವೆಂದು ನೋಡುಗ ಕೂಡಲೇ ಗುರುತಿಸುತ್ತಾನೆ.

ತುಟಿಗಿಂತ ಮುಖ್ಯವಾದದ್ದು ಯೋಚನೆ. ಪಾತ್ರ ಮೊದಲು ಕಣ್ಣು ಹೊರಳಿಸುತ್ತದೆ, ಆಮೇಲೆ ತಲೆ, ಅದರ ಹಿಂದೆ ಮೈ. ತಲೆ ಎಡದಿಂದ ಬಲಕ್ಕೆ ತಿರುಗುವಾಗ ನಡುದಾರಿಯಲ್ಲಿ ತುಸು ತಗ್ಗುತ್ತದೆ, ರೆಪ್ಪೆ ಒಮ್ಮೆ ಬಡಿಯುತ್ತದೆ. ನೆಗೆಯುವ ಮುನ್ನ ದೇಹ ಕುಗ್ಗುವುದು, ಹೊಡೆಯುವ ಮುನ್ನ ಕೈ ಹಿಂದಕ್ಕೆ ಹೋಗುವುದು, ಹೀಗೆ ಪ್ರತಿ ಕ್ರಿಯೆಗೂ ಇರುವ ಪೂರ್ವಸಿದ್ಧತೆ ನೋಡುಗನನ್ನೂ ಅಣಿಗೊಳಿಸುತ್ತದೆ. ಪಾತ್ರ ಯೋಚಿಸಿ ಚಲಿಸಿತು ಎನ್ನಿಸಿದಾಗಲೇ ಅದಕ್ಕೆ ಜೀವ ಬಂದಂತೆ.

ಸಲಕರಣೆ ಮತ್ತು ಮುಂದಿನ ದಾರಿ

ಮೊದಲ ಅಭ್ಯಾಸಗಳಿಗೆ ಒಂದು ನೋಟ್‌ಪುಸ್ತಕದ ಮೂಲೆ ಸಾಕು. ಹಾಳೆಗಳನ್ನು ಬೆರಳಿನಿಂದ ಹಾರಿಸಿದರೆ ಚಲನೆ ಕಾಣುತ್ತದೆ. ಕಂಪ್ಯೂಟರ್ ಇದ್ದವರಿಗೆ ಪೆನ್ಸಿಲ್ 2ಡಿ, ಕ್ರಿಟಾ, ಓಪನ್‌ಟೂಂಜ್, ಬ್ಲೆಂಡರ್ ಉಚಿತವಾಗಿ ಸಿಗುತ್ತವೆ. ಓಪನ್‌ಟೂಂಜ್‌ನ ಮೂಲ ತಂತ್ರಾಂಶವನ್ನು ಜಪಾನಿನ ಸ್ಟುಡಿಯೊ ಜಿಬ್ಲಿ ಬಳಸಿತ್ತು. 2016ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ 2024ರಲ್ಲಿ ಬ್ಲೆಂಡರ್‌ನಲ್ಲೇ ರೂಪಿಸಿದ ‘ಫ್ಲೋ’ ಚಿತ್ರ ಮರುವರ್ಷ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಿರುವ ಆಸ್ಕರ್ ಗೆದ್ದಿತು. ದುಬಾರಿ ಸಲಕರಣೆ ಇಲ್ಲವೆಂಬ ಕಾರಣಕ್ಕೆ ಹಳ್ಳಿಯ ವಿದ್ಯಾರ್ಥಿ ಇನ್ನು ಹಿಂಜರಿಯಬೇಕಿಲ್ಲ. 3ಡಿ ಅಥವಾ ಕಟ್‌ಔಟ್ ವಿಧಾನಕ್ಕೆ ಹೋದಾಗ ಪಾತ್ರಕ್ಕೆ ಕೀಲುಗಳ ಚೌಕಟ್ಟು ಜೋಡಿಸುವ ರಿಗ್ಗಿಂಗ್ ಕಲಿಯಬೇಕಾಗುತ್ತದೆ. ತೊಗಲುಗೊಂಬೆಯ ಕೈ, ಕಾಲು, ತಲೆಗಳನ್ನು ಬಿಡಿಯಾಗಿ ಕತ್ತರಿಸಿ ಹೊಲಿಯುವ ನಮ್ಮ ಕಲಾವಿದರಿಗೂ, 1926ರಲ್ಲಿ ಕತ್ತರಿಸಿದ ರಟ್ಟಿನ ನೆರಳುಗೊಂಬೆಗಳಿಂದ ‘ಪ್ರಿನ್ಸ್ ಅಚ್ಮೆದ್’ ಪೂರ್ಣಾವಧಿ ಚಿತ್ರ ಮಾಡಿದ ಜರ್ಮನಿಯ ಲೊಟ್ಟೆ ರೈನಿಗರ್‌ಗೂ ಎದುರಾದ ಪ್ರಶ್ನೆ ಅದೇ: ಕೀಲು ಎಲ್ಲಿರಬೇಕು, ಎಷ್ಟು ತಿರುಗಬೇಕು?

ಕ್ರಮಬದ್ಧ ಶಿಕ್ಷಣ ಬಯಸುವವರಿಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಮತ್ತು ಮುಂಬಯಿ ಐಐಟಿಯ ವಿನ್ಯಾಸ ಶಾಲೆಯಲ್ಲಿ ಅನಿಮೇಷನ್ ಪದವಿ ತರಗತಿಗಳಿವೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಲಾಶಾಲೆಗಳಲ್ಲಿ ಸಿಗುವ ರೇಖಾಚಿತ್ರದ ತಳಹದಿಯೂ ಈ ದಾರಿಗೆ ಅಷ್ಟೇ ಉಪಯುಕ್ತ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕಾಗಿ ಕರ್ನಾಟಕ ಸರ್ಕಾರ 2012ರಲ್ಲೇ ಪ್ರತ್ಯೇಕ ನೀತಿ ತಂದಿದೆ.

ಕಾಲೇಜಿಗೆ ಸೇರಲು, ಕೆಲಸ ಹುಡುಕಲು ಬೇಕಾದದ್ದು ಪೋರ್ಟ್‌ಫೋಲಿಯೊ ಮತ್ತು ಶೋರೀಲ್. ಪೋರ್ಟ್‌ಫೋಲಿಯೊದಲ್ಲಿ ನಯಗೊಳಿಸಿದ ಚಿತ್ರಗಳ ಜೊತೆಗೆ ಸ್ಕೆಚ್ ಪುಸ್ತಕದ ಪುಟಗಳೂ ಇರಬೇಕು. ಮನಸ್ಸು ಹೇಗೆ ಕೆಲಸ ಮಾಡಿತೆಂದು ಪರೀಕ್ಷಕರಿಗೆ ತೋರಿಸುವುದು ಅವೇ. ಶೋರೀಲ್ ಒಂದು ನಿಮಿಷದಷ್ಟಿದ್ದರೆ ಸಾಕು, ಅತ್ಯುತ್ತಮ ತುಣುಕು ಮೊದಲು ಬರಲಿ. ಚೆಂಡು, ಲೋಲಕ, ಹಿಟ್ಟಿನ ಚೀಲ, ತಲೆ ತಿರುಗಿಸುವುದು, ನಡಿಗೆ, ಭಾರ ಎತ್ತುವುದು, ಎರಡು ಸಾಲಿನ ಸಂಭಾಷಣೆ ಈ ಏಳು ಅಭ್ಯಾಸಗಳನ್ನು ಇದೇ ಕ್ರಮದಲ್ಲಿ, ಒಂದನ್ನು ಸರಿಯಾಗಿ ಮುಗಿಸಿಯೇ ಮುಂದಿನದಕ್ಕೆ ಹೋಗುವಂತೆ ಮಾಡಿದ ವಿದ್ಯಾರ್ಥಿಗೆ ಯಾವ ತಂತ್ರಾಂಶ ಕೊಟ್ಟರೂ ಕೆಲಸ ಮಾಡುವ ಬಲ ಬಂದಿರುತ್ತದೆ. ತಂತ್ರಾಂಶಗಳು ಕೆಲವೇ ವರ್ಷಗಳಲ್ಲಿ ಬದಲಾಗುತ್ತವೆ. ತೂಕ, ಕಾಲ, ಸ್ವಭಾವಗಳನ್ನು ಓದಬಲ್ಲ ಕಣ್ಣು ಕಲಾವಿದನ ಬದುಕಿನುದ್ದಕ್ಕೂ ಜೊತೆಗಿರುತ್ತದೆ.